ಪಡಸಾಲೆಯ ಪ್ರಾರ್ಥನಾಕೂಟ

ನಮ್ಮ ನಾಡಿನಲ್ಲಿ ಹೆಂಗಸರು ಒಂದೆಡೆ ಸೇರುವುದಕ್ಕೆ ಸಂದರ್ಭಗಳ ಕೊರತೆಯೇನೂ ಇಲ್ಲ. ಕುಬುಸವೆಂದು ಸೇರುತ್ತಾರೆ, ತೊಟ್ಟಿಲೆಂದು ಸೇರುತ್ತಾರೆ, ಅರಿಸಿನ ಕುಂಕುಮವೆಂದು ಸೇರುತ್ತಾರೆ. ಮದುವೆಯ ಮನೆಯಲ್ಲಿ ಶ್ಯಾವಿಗೆ ಹೊಸೆಯುವುದಕ್ಕೂ ಹಪ್ಪಳ ಲಟ್ಟಿಸುವುದಕ್ಕೂ ಸೇರುತ್ತಾರೆ. ಆದರೆ ಈ ಕೂಟಗಳನ್ನು ಸ್ವಲ್ಪ ಗಮನವಿಟ್ಟು ನೋಡಿದವರಿಗೆ ಒಂದು ಸಂಗತಿ ಹೊಳೆಯದಿರದು. ಅಲ್ಲಿ ಕೈಗೆ ಕೆಲಸವುಂಟು, ಬಾಯಿಗೆ ಹಾಡುಂಟು, ಕಿವಿಗೆ ಊರ ಸುದ್ದಿಯುಂಟು. ಒಬ್ಬಳು ಎದ್ದು ನಿಂತು, "ನನಗೆ ಈ ವಿಷಯ ಹೀಗೆ ತೋರುತ್ತದೆ" ಎಂದು ಹೇಳುವುದಕ್ಕೂ, ಉಳಿದವರು ಆ ಮಾತನ್ನು ತೂಗಿ ನೋಡಿ ಉತ್ತರ ಕೊಡುವುದಕ್ಕೂ ಮಾತ್ರ ಅಲ್ಲಿ ಎಡೆ ಕಡಿಮೆ. ಹೆಂಗಸಿನ ದುಃಖವನ್ನು ಕೇಳುವವರು ಇದ್ದಾರೆ. ಅವಳ ವಿಚಾರವನ್ನು ಕೇಳುವವರು ವಿರಳ.

ಈ ಹೊತ್ತು ನಾನು ನಿಮ್ಮ ಮುಂದೆ ಹೇಳಬೇಕೆಂದಿರುವುದು ಆ ಬಗೆಯ ಎಡೆಯನ್ನು ಕಂಡ ಒಂದು ಕೂಟದ ವಿಚಾರ. ಅದು ಕ್ರೈಸ್ತ ಹೆಂಗಸರ ಪ್ರಾರ್ಥನಾಕೂಟ. ನಾನು ಆ ಮತಕ್ಕೆ ಸೇರಿದವಳಲ್ಲ. ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಪಾಠ ಹೇಳುವವಳಾದುದರಿಂದ ಬೈಬಲ್ಲಿನ ಪರಿಚಯವೇನೋ ಉಂಟು. ಮಿಲ್ಟನ್ನನನ್ನಾಗಲಿ ಬನಿಯನ್ನನನ್ನಾಗಲಿ ಬೋಧಿಸುವವರಿಗೆ ಅದಿಲ್ಲದೆ ನಡೆಯುವಂತಿಲ್ಲ. ಆದರೆ ಗ್ರಂಥವನ್ನು ಟಿಪ್ಪಣಿಗಳ ಮೂಲಕ ಅರಿಯುವುದು ಒಂದು, ಅದನ್ನು ಬಾಳಿನ ನಡುವೆ ಇಟ್ಟುಕೊಂಡವರ ಬಾಯಿಂದ ಕೇಳುವುದು ಇನ್ನೊಂದು. ಈ ಎರಡರ ನಡುವಣ ಅಂತರವನ್ನು ಅಳೆಯುವ ಅವಕಾಶ ಆ ಕೂಟದಲ್ಲಿ ಒದಗಿತು.

ಮೊದಲು ಸ್ಥಳದ ಮಾತು. ಬೆಳಗಾವಿಯಿಂದ ಕೊಲ್ಲಾಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಸಂಕೇಶ್ವರವನ್ನು ಮುಟ್ಟುವುದಕ್ಕೆ ಮೊದಲು ಸಿಗುವ ಊರು ಯಮಕನಮರಡಿ. ಹುಕ್ಕೇರಿ ತಾಲ್ಲೂಕಿಗೆ ಸೇರಿದ್ದು. ಮರಡಿಯೆಂದರೆ ಸಣ್ಣ ಗುಡ್ಡವೆಂಬುದನ್ನು ಆ ಸೀಮೆಯವರಿಗೆ ಹೇಳಬೇಕಾಗಿಲ್ಲ. 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ಭಾಗದಲ್ಲಿ ಕನ್ನಡ ಮರಾಠಿಗಳೆರಡೂ ಅಂಗಡಿ ಬೀದಿಯಲ್ಲಿ ಕೈಹಿಡಿದು ನಡೆಯುತ್ತವೆ. ಇದೇ ತಾಲ್ಲೂಕಿನ ಹಿಡಕಲ್ಲಿನಲ್ಲಿ ಘಟಪ್ರಭೆಗೆ ಅಣೆಕಟ್ಟು ಕಟ್ಟಿದೆ. ಸಹ್ಯಾದ್ರಿಯಲ್ಲಿ ಹುಟ್ಟಿ ಇಳಿದು ಬರುವ ಆ ನದಿ ಮುಂದೆ ಗೋಕಾಕದ ಬಳಿ ಬಂಡೆಯ ಮೇಲಿಂದ ಧುಮ್ಮಿಕ್ಕಿ, ಹಿರಣ್ಯಕೇಶಿ ಮಾರ್ಕಂಡೇಯಗಳ ನೀರನ್ನೂ ಕೂಡಿಸಿಕೊಂಡು, ಮೂಡಣಕ್ಕೆ ಹರಿದು ಕೃಷ್ಣೆಯನ್ನು ಸೇರುತ್ತದೆ. ನದಿಯ ಈ ದಾರಿಯನ್ನು ಶ್ರೋತೃಗಳು ನೆನಪಿನಲ್ಲಿಡಬೇಕು. ಮುಂದಿನ ಮಾತೆಲ್ಲ ಅದರ ದಂಡೆಯ ಮೇಲೆಯೇ ನಿಂತಿದೆ.

ಈ ಸೀಮೆಗೆ ಕ್ರೈಸ್ತಮತ ಹೊಸದೇನೂ ಅಲ್ಲ. ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ ಬೆಳಗಾವಿಗೆ ಬಂದುದು 1820ರಲ್ಲಿ. ವಿಲಿಯಂ ಬೇನನ್ ಮುಂದೆ ಅವರನ್ನು ಸೇರಿಕೊಂಡರು. ಬೇನನ್ನರ ಹೆಸರು ಇಂದಿಗೂ ಬೆಳಗಾವಿಯ ಒಂದು ಶಾಲೆಯ ಹೆಸರಿನಲ್ಲಿ ಉಳಿದಿದೆ. ಟೇಲರ್ ಬಂದುದು ಬಳ್ಳಾರಿಯ ಕಡೆಯಿಂದ. ಅಲ್ಲಿ 1810ರಿಂದ ನೆಲಸಿದ್ದ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರ ದುಡಿಮೆಯಿಂದ 1831ರ ಹೊತ್ತಿಗೆ ಬೈಬಲ್ಲು ಪೂರ್ತಿಯಾಗಿ ಕನ್ನಡದಲ್ಲಿ ಅಚ್ಚಾಯಿತು. ಮುಂದೆ ಬೆಳಗಾವಿಯ ಕೆಲಸ ಅಮೆರಿಕದ ಮೆಥೊಡಿಸ್ಟ್ ಮಿಷನ್ನಿನ ಕೈಗೆ ಬಂತು. 1953ರಲ್ಲಿ ಬೆಳಗಾವಿ ಒಂದು ಕ್ಯಾಥೊಲಿಕ್ ಧರ್ಮಪ್ರಾಂತದ ಕೇಂದ್ರವೂ ಆಯಿತು. ಇನ್ನೂರು ವರ್ಷಗಳಿಂದ ನೆರೆಯಲ್ಲಿರುವ ಜನ ಇವರು. ಅವರ ಗುಡಿಯ ಗಂಟೆ ನಮಗೆ ಕೇಳಿಸುತ್ತದೆ, ನಮ್ಮ ಗುಡಿಯ ಗಂಟೆ ಅವರಿಗೆ ಕೇಳಿಸುತ್ತದೆ. ಗಂಟೆ ನಿಂತ ಮೇಲೆ ಒಳಗೆ ಏನು ನಡೆಯುತ್ತದೆಂಬುದನ್ನು ಮಾತ್ರ ಒಬ್ಬರೊಬ್ಬರನ್ನು ಕೇಳಿದ್ದು ಅಪರೂಪ.

ನಾನು ಹೋದ ಕೂಟಕ್ಕೆ ವಿಶ್ವ ಪ್ರಾರ್ಥನಾದಿನವೆಂದು ಹೆಸರು. ಅದರ ಚರಿತ್ರೆಯೂ ತಿಳಿಯತಕ್ಕದ್ದೆ. 1887ರಲ್ಲಿ ಅಮೆರಿಕದ ಪ್ರೆಸ್ಬಿಟೀರಿಯನ್ ಸಭೆಯ ಮೇರಿ ಎಲೆನ್ ಜೇಮ್ಸ್ ಎಂಬ ಮಹಿಳೆ, ತಮ್ಮ ದೇಶದಲ್ಲಿ ನಡೆಯುತ್ತಿದ್ದ ಸೇವಾಕಾರ್ಯಗಳಿಗಾಗಿ ಹೆಂಗಸರೆಲ್ಲರೂ ಒಂದು ದಿನ ಸೇರಿ ಪ್ರಾರ್ಥಿಸಬೇಕೆಂದು ಕರೆಕೊಟ್ಟರು. ಆ ಕಿಡಿ ಹಬ್ಬಿ, 1927ರಲ್ಲಿ ಅದು ಲೋಕದ ಹೆಂಗಸರೆಲ್ಲರ ಪ್ರಾರ್ಥನಾದಿನವಾಯಿತು. ಕ್ಯಾಥೊಲಿಕ್ ಮಹಿಳೆಯರೂ ಸೇರಿಕೊಂಡ ಮೇಲೆ, 1969ರಿಂದ ಮಾರ್ಚಿ ತಿಂಗಳ ಮೊದಲನೆಯ ಶುಕ್ರವಾರವೆಂದು ಗೊತ್ತಾಯಿತು. ಇದರ ಏರ್ಪಾಡಿನಲ್ಲಿ ಒಂದು ಸೊಗಸುಂಟು. ಪ್ರತಿವರ್ಷವೂ ಯಾವುದಾದರೂ ಒಂದು ದೇಶದ ಹೆಂಗಸರು ಆ ದಿನದ ಪ್ರಾರ್ಥನಾಕ್ರಮವನ್ನು ಬರೆಯುತ್ತಾರೆ. ತಮ್ಮ ನಾಡಿನ ಬೆಟ್ಟ ಹೊಳೆಗಳನ್ನೂ ತಮ್ಮ ಕಷ್ಟ ಸುಖಗಳನ್ನೂ ಅದರಲ್ಲಿ ತೋಡಿಕೊಳ್ಳುತ್ತಾರೆ. ಅದು ನೂರಕ್ಕೂ ಮೀರಿದ ದೇಶಗಳಿಗೆ ಹೋಗಿ, ಆಯಾ ದೇಶದ ಭಾಷೆಗಳಿಗೆ ತಿರುಗಿ, ಒಂದೇ ದಿನ ಎಲ್ಲೆಡೆಯೂ ಓದಲ್ಪಡುತ್ತದೆ. 2018ರಲ್ಲಿ ಸುರಿನಾಮ್, 2019ರಲ್ಲಿ ಸ್ಲೊವೇನಿಯ, 2020ರಲ್ಲಿ ಜಿಂಬಾಬ್ವೆ, ಹೀಗೆ. ದೊಡ್ಡ ರಾಜ್ಯಗಳ ರಾಯಭಾರಿಗಳು ಕಲೆಯುವ ಸಭೆಗಳಲ್ಲಿ ಹಿಂದಿನ ಬೆಂಚಿನಲ್ಲಿ ಕೂರುವ ಸಣ್ಣ ದೇಶಗಳು ಇಲ್ಲಿ ತಮ್ಮ ವರ್ಷ ಬಂದಾಗ ಮುಂದೆ ಬಂದು ನಿಲ್ಲುತ್ತವೆ.

2021ರ ಸರದಿ ವನುವಾಟು ಎಂಬ ದೇಶದ್ದು. ಅದು ಆಸ್ಟ್ರೇಲಿಯಕ್ಕೆ ಮೂಡಣದ ಕಡಲಿನಲ್ಲಿ ಚದರಿಬಿದ್ದ ಸುಮಾರು ಎಂಬತ್ತು ದ್ವೀಪಗಳ ನಾಡು. ಇಂಗ್ಲಿಷರೂ ಫ್ರೆಂಚರೂ ಕೂಡಿ ಆಳುತ್ತಿದ್ದ ಆ ನಾಡು ಸ್ವತಂತ್ರವಾದುದು 1980ರಲ್ಲಿ. 2015ರ ಮಾರ್ಚಿಯಲ್ಲಿ ಪ್ಯಾಮ್ ಎಂಬ ಘೋರ ಚಂಡಮಾರುತ ಅದರ ಮೇಲೆರಗಿ ಮನೆ ತೋಟಗಳನ್ನು ಕಿತ್ತೊಗೆಯಿತು. 2021ರಲ್ಲಿ ಆ ದೇಶದ 52 ಮಂದಿ ಸದಸ್ಯರ ಶಾಸನಸಭೆಯಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಅಂಥ ನಾಡಿನ ಹೆಂಗಸರು ಆ ವರ್ಷದ ಓದಿಗಾಗಿ ಆರಿಸಿಕೊಂಡುದು ಮತ್ತಾಯನ ಸುವಾರ್ತೆಯ ಏಳನೆಯ ಅಧ್ಯಾಯದ ಕೊನೆಯಲ್ಲಿ ಬರುವ ದೃಷ್ಟಾಂತವನ್ನು. ಬಂಡೆಯ ಮೇಲೆ ಮನೆ ಕಟ್ಟಿದ ಬುದ್ಧಿವಂತನೊಬ್ಬ, ಮರಳಿನ ಮೇಲೆ ಕಟ್ಟಿದ ಬುದ್ಧಿಹೀನನೊಬ್ಬ. ಮಳೆ ಸುರಿದು, ಹಳ್ಳಕೊಳ್ಳ ಉಕ್ಕಿ, ಗಾಳಿ ಬೀಸಿದಾಗ ಒಬ್ಬನ ಮನೆ ನಿಂತಿತು, ಇನ್ನೊಬ್ಬನದು ಬಿತ್ತು. ಸುಲಭವಾದ ಕಥೆ. ಬಾಲಪಾಠದಲ್ಲಿ ಸೇರಿಸಬಹುದಾದಂಥದು.

ಆ ವರ್ಷ ಮಾರ್ಚಿ 5ನೆಯ ತಾರೀಖು ಶುಕ್ರವಾರ. ಕೊರೋನ ವ್ಯಾಧಿಯ ಮೊದಲನೆಯ ಅಲೆ ಇಳಿದಿತ್ತು, ಎರಡನೆಯದು ಇನ್ನೂ ಎದ್ದಿರಲಿಲ್ಲ. ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಕರೆದರೆಂದು ಯಮಕನಮರಡಿಗೆ ಹೋದೆ. ಕೂಟ ನಡೆದುದು ಒಂದು ಮನೆಯ ಪಡಸಾಲೆಯಲ್ಲಿ. ಇಪ್ಪತ್ತೈದು ಮೂವತ್ತು ಮಂದಿ ಹೆಂಗಸರು, ಮೂಗು ಬಾಯಿಗಳಿಗೆ ಸೆರಗನ್ನೋ ಬಟ್ಟೆಯನ್ನೋ ಕಟ್ಟಿಕೊಂಡು, ಚಾಪೆಯ ಮೇಲೆ ಸ್ವಲ್ಪ ಸ್ವಲ್ಪ ದೂರ ಕುಳಿತಿದ್ದರು. ಹಾಡುಗಳ ಧಾಟಿ ನಮ್ಮ ಭಜನೆಯದೇ; ಹಾರ್ಮೋನಿಯಂ ಒಂದು, ತಾಳ ಒಂದು. ಮಾತು ತಿಳಿಯದಷ್ಟು ದೂರದಿಂದ ಕೇಳಿದವರು ಯಾವುದೋ ಮಠದ ಭಜನೆಯೆಂದೇ ತಿಳಿದಾರು. ಗೋಡೆಗೆ ಒಂದು ಚಿತ್ರವನ್ನು ಅಂಟಿಸಿದ್ದರು. ಅದು ವನುವಾಟುವಿನ ಜೂಲಿಯೆಟ್ ಪೀಟಾ ಎಂಬ ಚಿತ್ರಗಾರ್ತಿ ಬರೆದದ್ದು: ಎದ್ದು ಬರುತ್ತಿರುವ ಅಲೆ, ಬಾಗಿದ ತೆಂಗಿನ ಜಾತಿಯ ಮರ, ಅದರ ಕೆಳಗೆ ತನ್ನ ಮಗುವಿನ ಮೇಲೆ ತಾನೇ ಮರದಂತೆ ಬಾಗಿ ಪ್ರಾರ್ಥಿಸುತ್ತಿರುವ ತಾಯಿ. ದೂರದಲ್ಲಿ ಸತ್ತವರ ನೆನಪಿಗೆ ಸಣ್ಣ ಸಣ್ಣ ಶಿಲುಬೆಗಳು.

ಶಾಲೆಯ ಹುಡುಗಿಯೊಬ್ಬಳು ಆ ದ್ವೀಪಗಳ ವೃತ್ತಾಂತವನ್ನು ಓದಿದಳು. ಇನ್ನೊಬ್ಬಾಕೆ ದೃಷ್ಟಾಂತವನ್ನು ಓದಿದರು. ಪಾದ್ರಿಗಳ ಮನೆಯವರು ಎರಡು ಮಾತು ವಿವರಿಸುವುದಕ್ಕೆ ಎದ್ದರು. ಅಷ್ಟರಲ್ಲಿ ಗೋಡೆಗೊರಗಿ ಕುಳಿತಿದ್ದ, ಗೋಕಾಕದ ಕಡೆಯ ಹೊಳೆಸಾಲಿನ ಹಳ್ಳಿಯಿಂದ ಬಂದಿದ್ದ ಹೆಂಗಸೊಬ್ಬಳು ಕೈಯೆತ್ತಿ ಹೇಳಿದಳು:

"ಅಮ್ಮಾರ, ಒಂದು ಮಾತು ಕೇಳ್ತೀನ್ರಿ. ನಮ್ಮ ಮನೀನೂ ಹೊಳಿ ಒಯ್ತರಿ. ನಾವು ಹುಚ್ಚರಂತ ಒಯ್ತೇನ್ರಿ? ಹೊಳಿ ದಂಡಿ ಬಿಟ್ಟು ಬ್ಯಾರೆ ಜಾಗಾ ಯಾರು ಕೊಟ್ಟಿದ್ರ ನಮಗ?"

ಪಡಸಾಲೆ ಸ್ತಬ್ಧವಾಯಿತು. 2019ರ ಆಗಸ್ಟಿನ ಪ್ರವಾಹವನ್ನು ಅಲ್ಲಿ ಯಾರಿಗೂ ನೆನಪಿಸಬೇಕಾಗಿರಲಿಲ್ಲ. ಸಹ್ಯಾದ್ರಿಯಲ್ಲಿ ಹಿಡಿದ ಮಳೆ ಬಿಡಲಿಲ್ಲ. ಜಲಾಶಯ ತುಂಬಿ ನೀರು ಹೊರಬಿತ್ತು. ಘಟಪ್ರಭೆ ಹಿರಣ್ಯಕೇಶಿ ಮಾರ್ಕಂಡೇಯಗಳು ಒಮ್ಮೆಗೇ ಉಕ್ಕಿ ಗೋಕಾಕ ಪಟ್ಟಣದ ಓಣಿಗಳಿಗೂ ನುಗ್ಗಿದುವು. ಲೋಳಸೂರದ ಸೇತುವೆ ಮುಳುಗಿತು. ರಾಜ್ಯದಲ್ಲಿ ಅತ್ಯಂತ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬೆಳಗಾವಿಯೂ ಒಂದು. ಮಣ್ಣಿನ ಗೋಡೆಯ ಮನೆಗಳು ನೀರಿನಲ್ಲಿ ಮೂರು ನಾಲ್ಕು ದಿನ ನೆನೆದು, ನೀರು ಇಳಿದ ಮೇಲೆ, ಬಿಸಿಲು ಬಿದ್ದ ಮೇಲೆ ಒಂದೊಂದಾಗಿ ಕುಸಿದುವು. ಮುಳುಗಿದಾಗ ನಿಂತಿದ್ದುದು ಒಣಗುವಾಗ ಬಿತ್ತು. ಇದನ್ನು ಕಣ್ಣಾರೆ ಕಂಡವಳ ಪ್ರಶ್ನೆ ಅದು.

ಪ್ರಶ್ನೆಯ ತೂಕವನ್ನು ಸ್ವಲ್ಪ ಯೋಚಿಸಿ ನೋಡಬೇಕು. ಮರಳಿನ ಮೇಲೆ ಮನೆ ಕಟ್ಟಿದವನು ಬುದ್ಧಿಹೀನನೆಂದು ಓದುವಾಗ ನಾವೆಲ್ಲ ಆ ಬುದ್ಧಿಹೀನ ಬೇರೊಬ್ಬನೆಂದು ಭಾವಿಸಿಕೊಂಡೇ ಓದುತ್ತೇವೆ. ಅವನಿಗೆ ಬಂಡೆಯೂ ಮರಳೂ ಎರಡೂ ದೊರೆಯುತ್ತಿದ್ದುವು, ಆರಿಸಿಕೊಳ್ಳುವುದರಲ್ಲಿ ಅವನು ತಪ್ಪಿದ, ಎಂಬುದನ್ನು ಕೇಳದೆಯೇ ಒಪ್ಪಿಕೊಳ್ಳುತ್ತೇವೆ. ಬಂಡೆಯ ಮೇಲಿನ ನಿವೇಶನವೆಲ್ಲ ಉಳ್ಳವರ ಪಾಲಾಗಿ, ಮರಳೊಂದೇ ಇಲ್ಲದವರ ಪಾಲಿಗೆ ಉಳಿದಿದ್ದರೆ ಕಥೆ ಏನಾಗುತ್ತದೆ? ಈ ಪ್ರಶ್ನೆ ಗ್ರಂಥವನ್ನು ಮಾತ್ರ ಓದಿದವರಿಗೆ ಏಳುವುದು ಕಷ್ಟ. ಹೊಳೆಯನ್ನೂ ಓದಿದವಳಿಗೆ ಅದು ಮೊದಲನೆಯ ಸಲವೇ ಎದ್ದಿತು. ಆಕೆ ಕೇಳಿದ್ದು ಒಂದು ವಿಮರ್ಶೆ. ಅಷ್ಟೇ ಅಲ್ಲ, ಆಕೆ ತನ್ನ ಮಾನವನ್ನು ಕೇಳುತ್ತಿದ್ದಳು. ಮನೆ ಹೋಯಿತು, ಮನೆ ಹೋದದ್ದು ನನ್ನ ತಪ್ಪಿನಿಂದಲೆಂದು ದೇವರ ಪುಸ್ತಕವೂ ಹೇಳುತ್ತದೆಯೆ? ಇದಕ್ಕೆ ಉತ್ತರ ಬೇಕಾಗಿತ್ತು.

ಉತ್ತರ ಕೊಟ್ಟವರು ಪಾದ್ರಿಗಳ ಮನೆಯವರಲ್ಲ. ಅವರು ಸುಮ್ಮನೆ ನಿಂತು, ಮುಂದೆ ಕುಳಿತಿದ್ದ ವೃದ್ಧೆಯೊಬ್ಬರ ಕಡೆ ನೋಡಿದರು. ಆ ವೃದ್ಧೆಗೆ ಓದು ಬಾರದೆಂದು ನನಗೆ ಆಮೇಲೆ ತಿಳಿಯಿತು. ಅವರು ಹೇಳಿದ್ದು ಇಷ್ಟು:

"ತಂಗೀ, ಯೇಸುಸ್ವಾಮಿ ಶ್ಯಾಣ್ಯಾ ಅಂತ ಅಂದದ್ದು ಯಾರಿಗೆ? ಮಾತು ಕೇಳಿ ಹಂಗ ನಡದವರಿಗೆ. ನಿನ್ನ ಮನೀ ಬಿತ್ತಂತ ನೀ ಹುಚ್ಚಿ ಅಲ್ಲ. ನಿನ್ನ ಮನೀ ಬಿದ್ದದ್ದು ಕೇಳೀನೂ ನಾವು ಸುಮ್ಮನ ಕುಂತರ, ಉಸುಕಿನ ಮ್ಯಾಲೆ ಕಟ್ಟಿದವರು ನಾವ."

ಶ್ರೋತೃಗಳೆ, ಗ್ರಂಥವನ್ನು ತೆರೆದು ನೋಡಿದರೆ ಆ ವೃದ್ಧೆಯ ಮಾತು ಅಕ್ಷರಶಃ ಸರಿಯೆಂದು ಕಾಣುತ್ತದೆ. ಆ ದೃಷ್ಟಾಂತ ಬೆಟ್ಟದ ಮೇಲಿನ ದೀರ್ಘ ಬೋಧನೆಯ ಕೊನೆಯಲ್ಲಿ ಬರುತ್ತದೆ. ಕೇಳಿ ನಡೆಯುವವನು, ಕೇಳಿಯೂ ನಡೆಯದವನು, ಎಂಬ ಭೇದವೇ ಅದರ ತಿರುಳು. ಮನೆಯೆಂಬುದು ಹೋಲಿಕೆ ಮಾತ್ರ. ಲೂಕನ ಸುವಾರ್ತೆಯಲ್ಲಿಯೂ ಇದೇ ಕಥೆಯುಂಟು. ಅಲ್ಲಿ ಮನೆ ಕಟ್ಟುವವನು ನೆಲವನ್ನು ಆಳವಾಗಿ ಅಗೆದು ಬಂಡೆಯನ್ನು ಮುಟ್ಟಿ ಅಸ್ತಿಭಾರ ಹಾಕುತ್ತಾನೆ. ಬಂಡೆ ಮೇಲೆಯೇ ಬಿದ್ದಿರುವ ವಸ್ತುವಲ್ಲ, ಅಗೆದರೆ ಸಿಗುವಂಥದು. ಈ ಎರಡನ್ನೂ ಟಿಪ್ಪಣಿಕಾರರು ಹೇಳಿಯೇ ಇದ್ದಾರೆ. ಆದರೆ ಯಾವ ಟಿಪ್ಪಣಿಯೂ ಕಥೆಯ ಮೊನೆಯನ್ನು ಬಿದ್ದ ಮನೆಯವಳ ಕಡೆಯಿಂದ ತಿರುಗಿಸಿ ನಿಂತ ಮನೆಯವರ ಕಡೆಗೆ ಹಿಡಿದುದನ್ನು ನಾನು ಓದಿರಲಿಲ್ಲ. ಪ್ರಶ್ನೆ ಕೇಳಿದವಳೂ ಉತ್ತರ ಹೇಳಿದಾಕೆಯೂ ಸೇರಿ ಎರಡು ನಿಮಿಷದಲ್ಲಿ ಮಾಡಿದ ಕೆಲಸ ಅದು.

ಅಲ್ಲಿಗೇ ಮಾತು ಮುಗಿದಿದ್ದರೆ ಅದೊಂದು ಒಳ್ಳೆಯ ಉಪದೇಶವೆಂದು ಮೆಚ್ಚಿ ನಾನು ಸುಮ್ಮನಾಗುತ್ತಿದ್ದೆ. ಆದರೆ ಹಾಗಾಗಲಿಲ್ಲ. ಆ ಹೆಂಗಸಿನ ಮನೆಯ ಉತಾರ ಸತ್ತುಹೋದ ಮಾವನ ಹೆಸರಿನಲ್ಲಿಯೇ ಉಳಿದಿತ್ತು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಗೊತ್ತುಮಾಡಿದ್ದರೂ, ಕಾಗದದಲ್ಲಿ ಮನೆ ಯಾರದೆಂಬುದು ಬಗೆಹರಿಯದೆ ಆಕೆಯ ಅರ್ಜಿ ನಿಂತುಹೋಗಿತ್ತು. ಇದನ್ನು ಒಬ್ಬರಾದ ಮೇಲೊಬ್ಬರು ಕೇಳಿ ಕೇಳಿ ಹೊರತೆಗೆದರು. ಯಾವ ಕಾಗದ ಇದೆ, ಯಾವುದು ಇಲ್ಲ, ಮಾವನ ಮರಣದ ದಾಖಲೆ ಎಲ್ಲಿ, ಗಂಡನ ಅಣ್ಣತಮ್ಮಂದಿರ ಒಪ್ಪಿಗೆ ಉಂಟೆ, ಎಂದು ವಿಚಾರಿಸಿದರು. ಹಿಂದೆ ಪಂಚಾಯತಿಯ ಸದಸ್ಯಳಾಗಿದ್ದ ಒಬ್ಬಾಕೆ, ಬರುವ ಸೋಮವಾರ ತಾನು ಜೊತೆಗೆ ಕಚೇರಿಗೆ ಬರುವುದಾಗಿ ಹೇಳಿದಳು. ಕೂಟದ ಪುಸ್ತಕದಲ್ಲಿ ಅದನ್ನು ಬರೆದುಕೊಂಡರು. ಬಸ್ಸಿನ ಖರ್ಚಿಗೆ ಕಾಣಿಕೆಯ ಡಬ್ಬಿಯಿಂದ ಹಣ ತೆಗೆದು ಎಣಿಸಿ, ಮೊತ್ತವನ್ನು ಗಟ್ಟಿಯಾಗಿ ಹೇಳಿ, ಎಲ್ಲರೂ ಹೌದೆಂದ ಮೇಲೆ ಕೊಟ್ಟರು. ಅನಂತರ ವನುವಾಟುವಿನ ಹೆಂಗಸರಿಗಾಗಿ ಪ್ರಾರ್ಥನೆ ನಡೆಯಿತು. ಆಗ ಆ ಹೊಳೆಸಾಲಿನ ಹೆಂಗಸು ಗೋಡೆಯ ಮೇಲಿನ ಚಿತ್ರವನ್ನು ನೋಡುತ್ತ, ಕಡಲಾಚೆಯ ಆ ತಾಯಿಯ ಮನೆ ಮತ್ತೆ ಎದ್ದೀತೆ ಎಂದು ಪಕ್ಕದವಳನ್ನು ಮೆಲ್ಲಗೆ ಕೇಳಿದಳು.

ಈ ಕೂಟದಿಂದ ನಾನು ನಿರೀಕ್ಷಿಸಿರದಿದ್ದ ಲಾಭಗಳು ಎರಡು. ಅವುಗಳನ್ನು ಬಿಡಿಸಿ ಹೇಳುತ್ತೇನೆ.

ಮೊದಲನೆಯದು ಓದನ್ನು ಕುರಿತದ್ದು. ಓದು ಎಂದರೆ ಅಕ್ಷರ ಬಲ್ಲವರ ಸೊತ್ತೆಂದು ನಾವು ಸಾಧಾರಣವಾಗಿ ತಿಳಿಯುತ್ತೇವೆ. ಒಂದು ಪುಸ್ತಕವನ್ನು ಗಟ್ಟಿಯಾಗಿ ಓದಿ, ಕೇಳಿದವರೆಲ್ಲರಿಗೂ ಮಾತಾಡುವ ಹಕ್ಕನ್ನು ಕೊಟ್ಟರೆ, ಅಕ್ಷರ ಬಾರದವರೂ ಓದುಗರೇ ಆಗುತ್ತಾರೆ. ನಮ್ಮಲ್ಲಿ ಪುರಾಣಪ್ರವಚನಗಳಿವೆ, ಗಮಕವಾಚನವಿದೆ. ಅವು ನಮ್ಮ ಜನವನ್ನು ಶತಮಾನಗಳ ಕಾಲ ಸಾಕಿವೆ. ಆದರೆ ಅಲ್ಲಿ ಪ್ರವಚನಕಾರರು ಹೇಳುತ್ತಾರೆ, ಹೆಂಗಸರು ಕಂಬದ ಮರೆಯಲ್ಲಿ ಕುಳಿತು ಕೇಳುತ್ತಾರೆ. ಕೈಯೆತ್ತಿ, "ಹಾಗಾದರೆ ಸೀತೆಯದೇನು ತಪ್ಪು?" ಎಂದು ಕೇಳಿದವಳು ಎಷ್ಟು ಮಂದಿ? ಕೇಳಿದರೆ ಉತ್ತರವನ್ನು ಇನ್ನೊಬ್ಬ ಹೆಂಗಸಿನ ಕಡೆ ನೋಡಿದವರು ಎಷ್ಟು ಮಂದಿ?

ಎರಡನೆಯದು ದುಃಖವನ್ನು ಕುರಿತದ್ದು. ತನ್ನ ಕಷ್ಟ ತನಗೊಬ್ಬಳಿಗೇ ಬಂದದ್ದೆಂದು ನೆನೆಸುವವಳಿಗೆ ಅದು ಬೆಟ್ಟದಷ್ಟು ಭಾರ. ಭೂಗೋಳದ ಇನ್ನೊಂದು ಮೂಲೆಯಲ್ಲಿ, ಹೆಸರನ್ನೂ ಕೇಳಿರದ ದ್ವೀಪದಲ್ಲಿ, ಇನ್ನೊಬ್ಬಳ ಮಾಡೂ ಹಾರಿಹೋಯಿತೆಂದು ಕೇಳಿದಾಗ ಆ ಭಾರವೇನೂ ಇಳಿಯುವುದಿಲ್ಲ. ಆದರೆ ಅದು ಲಜ್ಜೆಯಾಗಿ ಉಳಿಯುವುದಿಲ್ಲ. ಸಹಾಯವನ್ನು ಬೇಡುವವಳಾಗಿ ಬಂದವಳು ಮತ್ತೊಬ್ಬಳಿಗಾಗಿ ಪ್ರಾರ್ಥಿಸುವವಳಾಗಿ ಎದ್ದಳು. ಕೊಡುವ ಕೈಯೊಂದು ತನಗೂ ಇದೆಯೆಂದು ತಿಳಿದವಳಿಗೆ ಬೆನ್ನು ನೆಟ್ಟಗಾಗುತ್ತದೆ.

ಇದನ್ನೆಲ್ಲ ಕೇಳಿ ಕೆಲವರು ಹುಬ್ಬೇರಿಸಬಹುದು. ಇಂಥ ಕೂಟಗಳು ಜನರನ್ನು ತಮ್ಮ ಮತದ ಕಡೆ ಎಳೆಯುವ ಬಲೆಯಲ್ಲವೆ, ಎಂಬ ಶಂಕೆ ನಮ್ಮಲ್ಲಿ ಉಂಟು. ಅದನ್ನು ಮುಚ್ಚಿಟ್ಟು ಮಾತಾಡುವುದು ಸರಿಯಲ್ಲ. ಆ ಮಧ್ಯಾಹ್ನ ನನ್ನನ್ನು ಯಾರೂ ಏನನ್ನೂ ಒಪ್ಪಿಕೊಳ್ಳೆಂದು ಕೇಳಲಿಲ್ಲ. ಚಹ ಕುಡಿದು ಹೋಗಿರೆಂದು ಮಾತ್ರ ಬಲವಂತಮಾಡಿದರು. ಆದರೆ ಶಂಕೆಗೆ ನಿಜವಾದ ಉತ್ತರ ಅದಲ್ಲ. ಒಬ್ಬಳ ಬಿದ್ದ ಮನೆಯ ವಿಚಾರವನ್ನು ಎದುರು ಕುಳಿತು ಕೇಳುವ ಜಾಗ ಊರಿನಲ್ಲಿ ಒಂದೇ ಇದ್ದರೆ, ಅವಳು ಅಲ್ಲಿಗೆ ಹೋದಾಳು. ಅದಕ್ಕಾಗಿ ಆ ಜಾಗದವರ ಮೇಲೆ ಮುನಿಯುವುದಕ್ಕಿಂತ, ಅಂಥ ಜಾಗಗಳು ಇನ್ನೂ ಏಕೆ ಇಲ್ಲವೆಂದು ನಮ್ಮನ್ನು ನಾವು ಕೇಳಿಕೊಳ್ಳುವುದು ಮೇಲು.

ಏಕೆಂದರೆ ಇದು ನಮಗೆ ಪರದೇಶದ ವಸ್ತುವಲ್ಲ. ಹನ್ನೆರಡನೆಯ ಶತಮಾನದಲ್ಲಿ ಇದೇ ಕನ್ನಡ ನೆಲದಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಶರಣೆಯರು ವಚನಗಳನ್ನು ಹೇಳಿದರು. ಅವರಲ್ಲಿ ರಾಟೆ ತಿರುಗಿಸುವವಳಿದ್ದಳು, ಸೂಳೆಯೆನ್ನಿಸಿಕೊಂಡವಳಿದ್ದಳು, ಅಕ್ಕಿ ಆಯುವವಳಿದ್ದಳು. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಗೆ ಅಲ್ಲಮಪ್ರಭು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದರೆಂದೂ, ಆಕೆ ತಲೆಯೆತ್ತಿ ಉತ್ತರ ಕೊಟ್ಟರೆಂದೂ ಶೂನ್ಯಸಂಪಾದನೆ ಹೇಳುತ್ತದೆ. ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆ ತಿಳಿದದ್ದೆ. ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಆ ಹೆಚ್ಚಿನದು ನಮ್ಮದಲ್ಲ, ಇದ್ದಲ್ಲಿಗೇ ಹಾಕಿ ಬನ್ನಿರೆಂದು ಕಳುಹಿಸಿದವಳು ಆಕೆ. ಲೆಕ್ಕವನ್ನೂ ಧರ್ಮವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದ ಹೆಂಗಸು. ಬಸ್ಸಿನ ಖರ್ಚನ್ನು ಎಣಿಸಿ ಗಟ್ಟಿಯಾಗಿ ಹೇಳಿದ ಆ ಪಡಸಾಲೆಯಲ್ಲಿ ಲಕ್ಕಮ್ಮ ಇದ್ದಿದ್ದರೆ ಆಕೆಗೆ ಪರಕೀಯವೆನ್ನಿಸುವಂಥದೇನೂ ಇರಲಿಲ್ಲ. ನಮ್ಮ ಊರುಗಳಲ್ಲಿ ಅಕ್ಕನ ಬಳಗಗಳಿವೆ, ಭಜನಾಮಂಡಳಿಗಳಿವೆ, ಸ್ವಸಹಾಯ ಸಂಘಗಳಿವೆ. ಬಳಗದಲ್ಲಿ ವಚನವನ್ನು ಹಾಡುತ್ತಾರೆ, ಸಂಘದಲ್ಲಿ ಸಾಲವನ್ನು ಬರೆಯುತ್ತಾರೆ. ಹಾಡಿದ ವಚನ ಬರೆದ ಸಾಲವನ್ನು ಪ್ರಶ್ನಿಸುವಂತೆ, ಬಿದ್ದ ಮನೆ ಓದಿದ ಪುಸ್ತಕವನ್ನು ಪ್ರಶ್ನಿಸುವಂತೆ, ಎರಡನ್ನೂ ಒಂದೇ ಚಾಪೆಯ ಮೇಲೆ ತರುವುದೊಂದು ಬಾಕಿಯಿದೆ.

ಅದಕ್ಕೆ ಹಣ ಬೇಕಾಗಿಲ್ಲ, ಕಟ್ಟಡ ಬೇಕಾಗಿಲ್ಲ. ಒಂದು ಪಡಸಾಲೆ, ಒಂದು ಪುಸ್ತಕ, ಓದಬಲ್ಲ ಒಂದು ಹುಡುಗಿ, ಬರೆದಿಡಲು ಒಂದು ವಹಿ. ಎಲ್ಲಕ್ಕಿಂತ ಹೆಚ್ಚಾಗಿ, ಕೈಯೆತ್ತಿದವಳ ಮಾತು ಮುಗಿಯುವವರೆಗೆ ಸುಮ್ಮನಿರಬಲ್ಲ ಇಪ್ಪತ್ತು ಮಂದಿ. ನೆರೆಯವರ ಮನೆಯಲ್ಲಿ ಇಂಥದೊಂದು ಕೂಟ ನಡೆಯುತ್ತದೆಂದು ಕೇಳಿದರೆ, ಅವರು ಯಾವ ಮತದವರೇ ಆಗಲಿ, ಕರೆದಾಗ ಹೋಗಿ ಬನ್ನಿ. ಅವರನ್ನು ನಿಮ್ಮ ಕೂಟಕ್ಕೂ ಕರೆಯಿರಿ. ಘಟಪ್ರಭೆ ಮತ್ತೆ ಒಂದು ವರ್ಷ ಉಕ್ಕೀತು. ಹೊಳೆಯ ಸ್ವಭಾವ ಅದು. ಆ ಹೊತ್ತಿಗೆ ಅದು ಯಾರ ಮನೆ, ಯಾವ ಮತದವರ ಮನೆ ಎಂದು ಕೇಳುವುದಿಲ್ಲ. ಅದಕ್ಕಿಂತ ಮೊದಲೇ ನಾವು ಒಬ್ಬರೊಬ್ಬರ ಪಡಸಾಲೆಯ ದಾರಿಯನ್ನು ತಿಳಿದುಕೊಂಡಿದ್ದರೆ ಒಳ್ಳೆಯದು.